ಆ ಆರು ವರ್ಷ ಲೆಕ್ಕಕ್ಕೇ ಇಲ್ವಾ?

"ಅಕ್ಕಾ, ಇಷ್ಟು ವರ್ಷ ಐಸಿಯುನಲ್ಲಿ ದುಡಿದಿದ್ದು ಲೆಕ್ಕಕ್ಕೆ ಬರಲ್ವಂತೆ."

ಈಗಷ್ಟೇ ನಮ್ಮ ಹಳೇ ಆಸ್ಪತ್ರೆಯ ಸಿಸ್ಟರ್ ಒಬ್ಬಳು ಫೋನ್ ಮಾಡಿದ್ದಳು. ಬಿಎಸ್ಸಿ ನರ್ಸಿಂಗ್ ಆಗಿ ಏಳು ವರ್ಷದ ಸರ್ವಿಸ್. ಎಂಬಿಬಿಎಸ್ ಮಾಡುವ ಆಸೆ. ಯಾರನ್ನೋ ವಿಚಾರಿಸಿದರೆ, ನೀಟ್ ಬರೀರಿ, ಸೀಟ್ ಸಿಕ್ಕರೆ ಮೊದಲನೇ ವರ್ಷದಿಂದ ಓದಿ, ನರ್ಸಿಂಗ್ ಗಿರ್ಸಿಂಗ್ ಯಾರೂ ಕೇಳಲ್ಲ ಅಂದರಂತೆ. ಅವರು ಹೇಳಿದ್ದು ನಿಜವೇ. ಅದಕ್ಕೇ ನನಗೆ ಇಷ್ಟು ಸಿಟ್ಟು.

ನನ್ನ ಕಥೆ ನಿಮಗೆಲ್ಲ ಗೊತ್ತು. ಆರು ವರ್ಷ ಫಿಸಿಯೋಥೆರಪಿಸ್ಟ್ ಆಗಿದ್ದು, ಎರಡು ಸಲ ನೀಟ್ ಬರೆದು, ಮೂವತ್ತಕ್ಕೆ ಎಂಬಿಬಿಎಸ್ ಸೇರಿದವಳು. 2022ರ ಮಾರ್ಚ್‌ನಲ್ಲಿ ನೀಟ್ ಬರೆಯೋಕೆ ಇದ್ದ ಗರಿಷ್ಠ ವಯಸ್ಸಿನ ಮಿತಿ ತೆಗೆದಿದ್ದಕ್ಕೆ ನನ್ನಂಥವರಿಗೆ ದಾರಿ ಆಯಿತು. ಬಾಗಿಲು ತೆಗೆದರು, ಸಂತೋಷ. ಆದರೆ ಒಳಗೆ ಬರುವಾಗ ಕಲಿತಿದ್ದನ್ನೆಲ್ಲ ಚಪ್ಪಲಿ ಬಿಟ್ಟ ಹಾಗೆ ಹೊರಗೆ ಬಿಟ್ಟು ಬಾ ಅಂದರೆ ಹೇಗೆ?

ಬಿಪಿಟಿ, ಅಂದರೆ ಫಿಸಿಯೋಥೆರಪಿ ಡಿಗ್ರಿಯ ಮೊದಲ ವರ್ಷ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಓದಿದ್ದೆ. ಎಂಬಿಬಿಎಸ್ ಮೊದಲ ವರ್ಷದಲ್ಲೂ ಅವೇ ಮೂರು. ಹನ್ನೆರಡು ವರ್ಷದ ಮೇಲೆ ಮತ್ತೆ ಡಿಸೆಕ್ಷನ್ ಹಾಲ್‌ನಲ್ಲಿ ಅದೇ ತೋಳಿನ ನರಗಳ ಮುಂದೆ ನಿಂತೆ. ಪಕ್ಕದಲ್ಲಿದ್ದ ಹದಿನೆಂಟರ ಹುಡುಗರು ಅದನ್ನು ಮೊದಲ ಸಲ ನೋಡುತ್ತಿದ್ದರು. ನಾನು ಆ ನರ ಪೆಟ್ಟಾಗಿ ಕೈ ಎತ್ತಲಾಗದವರನ್ನು ತಿಂಗಳುಗಟ್ಟಲೆ ನೋಡಿಕೊಂಡವಳು.

ಲೆವೆಲ್ ಬೇರೆ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಬೇರೆಯೇ, ಒಪ್ಪುತ್ತೇನೆ. ಎಂಬಿಬಿಎಸ್‌ನಲ್ಲಿ ಆಳ ಜಾಸ್ತಿ. ಹಾಗಾದರೆ ಪರೀಕ್ಷೆ ಇಡಿ! ಪಾಸಾದರೆ ಮುಂದಕ್ಕೆ ಬಿಡಿ, ಫೇಲಾದರೆ ಮೊದಲಿಂದ ಓದುತ್ತೇವೆ. ಡಿಪ್ಲೊಮಾ ಹುಡುಗರು ಡಿಸಿಇಟಿ ಅನ್ನೋ ಪ್ರವೇಶ ಪರೀಕ್ಷೆ ಬರೆದು ಸೀದಾ ಎರಡನೇ ವರ್ಷದ ಇಂಜಿನಿಯರಿಂಗ್‌ಗೆ ಹೋಗುತ್ತಾರೆ. ಜಿಎನ್‌ಎಂ ಅನ್ನೋ ನರ್ಸಿಂಗ್ ಡಿಪ್ಲೊಮಾ ಮಾಡಿದವರಿಗೆ ಎರಡೇ ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ನರ್ಸಿಂಗ್ ಇದೆ. ಇಂಗ್ಲೆಂಡ್‌ನಲ್ಲಿ ಡಿಗ್ರಿ ಆದವರಿಗೆ ಅಂತಲೇ 4 ವರ್ಷದ ಮೆಡಿಕಲ್ ಕೋರ್ಸ್ ಇದೆ. ನಮಗೆ ಮಾತ್ರ ಇಂಟರ್ನ್‌ಶಿಪ್ ಸೇರಿ ಪೂರ್ತಿ ಐದೂವರೆ ವರ್ಷ, ಒಂದು ದಿನ ಕಮ್ಮಿ ಇಲ್ಲ.

ಇದ್ದ ಕೆಲಸ ಬಿಟ್ಟಿದ್ದೇಕೆ ಅಂತಲೂ ಕೇಳುತ್ತಾರೆ. ಇದನ್ನು ಎಲ್ಲೂ ಬರೆದಿರಲಿಲ್ಲ. ಒಬ್ಬ ಅಜ್ಜಿಗೆ ಸೊಂಟದ ಮೂಳೆ ಆಪರೇಷನ್ ಆಗಿ ಐದನೇ ದಿನ. ನಡೆಸೋಣ ಅಂತ ಹೋದೆ. ಬಲಗಾಲಿನ ಮೀನಖಂಡ ಊದಿತ್ತು, ಮುಟ್ಟಿದರೆ ಬಿಸಿ. ಮಗ ಎಣ್ಣೆ ಬಾಟಲಿ ಹಿಡಿದು "ಸ್ವಲ್ಪ ತಿಕ್ಕಿ ಮೇಡಂ" ಅಂತ ನಿಂತಿದ್ದ. ತಿಕ್ಕಬಾರದು ಅಂದೆ. ಟೇಪ್ ಹಿಡಿದು ಎರಡೂ ಕಾಲು ಅಳೆದೆ, 4 ಸೆಂಟಿಮೀಟರ್ ವ್ಯತ್ಯಾಸ. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದೆ. ಸ್ಕ್ಯಾನ್‌ನಲ್ಲಿ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟಿದ್ದು ಕಂಡಿತು. ಆಮೇಲೆ ಏನು ಔಷಧಿ, ಎಷ್ಟು ದಿನ ಅಂತ ಅವರು ಮಾತಾಡುತ್ತಿದ್ದಾಗ ನಾನು ಪರದೆಯ ಈಚೆ ನಿಂತಿದ್ದೆ. ಅಜ್ಜಿ ಉಳಿದರು. ಆದರೆ ಆ ಪರದೆಯ ಆಚೆ ಹೋಗಬೇಕು ಅಂತ ಅವತ್ತು ರಾತ್ರಿ ತುಂಬಾ ಅತ್ತೆ.

ಆ ಕಾಲು ಮುಟ್ಟಿ ನೋಡಿದ ಕೈಗೆ ಒಂದು ವರ್ಷದ ಬೆಲೆಯೂ ಇಲ್ಲ ಅನ್ನುತ್ತಾರಲ್ಲ, ಅದು ಹೊಟ್ಟೆ ಉರಿಸುತ್ತದೆ. ನಮಗೆ ಡಾಕ್ಟರ್ ಪಟ್ಟ ಸುಮ್ನೆ ಕೊಡಿ ಅಂತ ಯಾರೂ ಕೇಳುತ್ತಿಲ್ಲ. ಗೊತ್ತಿರೋದನ್ನು ಗೊತ್ತಿದೆ ಅಂತ ಒಪ್ಪಿಕೊಳ್ಳಿ, ಅಷ್ಟೇ.

ಸಿಸ್ಟರ್‌ಗೆ ನೀಟ್ ಬರಿ ಅಂತಲೇ ಹೇಳಿದ್ದೇನೆ. ಪಿಯುಸಿ ಫಿಸಿಕ್ಸ್ ಪೂರ್ತಿ ಮರೆತುಹೋಗಿದೆ ಅಕ್ಕಾ ಅಂದಳು. ನನಗೂ ಮರೆತಿತ್ತು. ನೀಟ್‌ನಲ್ಲಿ 180 ಪ್ರಶ್ನೆಯಲ್ಲಿ 45 ಫಿಸಿಕ್ಸ್‌ನದ್ದೇ, ಬಿಟ್ಟರೆ ಆಗಲ್ಲ. ಅಟ್ಟದ ಮೇಲಿದ್ದ ನನ್ನ ನೋಟ್ಸ್ ಇಳಿಸಿ, ಧೂಳು ಒರೆಸಿ ಇಟ್ಟಿದ್ದೇನೆ. ನಾಳೆ ನೈಟ್ ಡ್ಯೂಟಿ ಮುಗಿಸಿಕೊಂಡು ಬರ್ತಾಳೆ.