ನಮ್ಮ ಕೋಳಿ, ಓನರ್ ಮಿಕ್ಸ್ಚರ್

ಇವತ್ತು ಬೆಳಿಗ್ಗೆ ಗೂಡಿಗೆ ಕೈ ಹಾಕಿದಾಗ ಸಿಕ್ಕಿದ್ದು ಚಿಪ್ಪೇ ಇಲ್ಲದ ಮೊಟ್ಟೆ. ಬರೀ ಪೊರೆ. ಬೆರಳು ಒತ್ತಿದ ಕಡೆ ತಗ್ಗಾಗಿ, ಬಿಟ್ಟರೆ ನಿಧಾನಕ್ಕೆ ಮೇಲೇಳುತ್ತಿತ್ತು. ಬೆಳಕಿಗೆ ಹಿಡಿದರೆ ಒಳಗಿನ ಹಳದಿ ಅತ್ತಿತ್ತ ವಾಲುವುದೂ ಕಾಣುತ್ತಿತ್ತು. ಇನ್ನೊಂಚೂರು ಹತ್ತಿರ ಹಿಡಿದು ನೋಡೋಣ ಅಂದುಕೊಂಡಿದ್ದೇ ತಡ, ಕೈಯಲ್ಲೇ ಒಡೆದು, ಇಸ್ತ್ರಿಯಿಂದ ಆಗಷ್ಟೇ ಬಂದಿದ್ದ ಪ್ಯಾಂಟಿನ ಮೇಲೆ ಇಳಿಯಿತು. ಗೇಟಿನ ಮುಂದೆ ಆಫೀಸ್ ಕ್ಯಾಬು ಹಾರ್ನ್ ಹೊಡೆಯುತ್ತಿದೆ. ಮೇಲಿನ ಬಾಲ್ಕನಿಯಿಂದ ಓನರ್ ಅಂಕಲ್ ಇಣುಕಿ, "ಏನಪ್ಪಾ, ಕೋಳಿಗೆ ಸರಿಯಾಗಿ ತಿನ್ನೋಕೆ ಹಾಕ್ತಿಲ್ವಾ?" ಅಂದರು.

ಮೈಯೆಲ್ಲಾ ಉರಿದುಹೋಯಿತು. ತಿನ್ನೋಕೆ ಹಾಕುವವನು ನಾನು, ಅದನ್ನು ಕೆಡಿಸುವವರು ಅವರು. ಆದರೆ ಹತ್ತು ತಿಂಗಳ ಅಡ್ವಾನ್ಸ್ ಅವರ ಕೈಯಲ್ಲಿದೆ. ಹಲ್ಲು ಕಿರಿದು, "ಹಾಕ್ತಿದೀನಿ ಅಂಕಲ್" ಅಂದು ಪ್ಯಾಂಟ್ ಬದಲಾಯಿಸಲು ಒಳಗೆ ಓಡಿದೆ.

ನಮ್ಮದು ಯಲಹಂಕದ ಹತ್ತಿರ ಮೂವತ್ತು ನಲವತ್ತರ ಸೈಟಿನಲ್ಲಿ ಕೆಳಗಿನ ಮನೆ. ಹಿಂದೆ ಬಟ್ಟೆ ಒಗೆಯುವ ಕಲ್ಲು, ಸಂಪು, ಅದರ ಪಕ್ಕ ಒಂದಿಷ್ಟು ಜಾಗ. ಅಲ್ಲಿ ನಾಲ್ಕು ಕೋಳಿಗಳು. ಎರಡು ಗಿರಿರಾಜ, ಎರಡು ಸ್ವರ್ಣಧಾರ. ಎರಡೂ ನಮ್ಮ ಹೆಬ್ಬಾಳದಲ್ಲೇ ರೂಪುಗೊಂಡ ತಳಿಗಳು. ಜಾತಕ ತೆಗೆದು ನೋಡಿದರೆ ಈ ಬೀದಿಯಲ್ಲಿ ನನಗಿಂತ ಅಸಲಿ ಬೆಂಗಳೂರಿನವರು ಅವೇ. ಹುಂಜ ಇಲ್ಲ, ಬೆಳಗಿನ ಜಾವ ನಾಲ್ಕಕ್ಕೆ ಕೂಗಿದರೆ ಮನೆ ಖಾಲಿ ಮಾಡಬೇಕಾದವನು ನಾನು. ಹುಂಜ ಇಲ್ಲದೆ ಮೊಟ್ಟೆ ಹೇಗೆ ಅಂತ ಇಂಜಿನಿಯರಿಂಗ್ ಓದಿದವರೂ ಕೇಳುತ್ತಾರೆ. ಮೊಟ್ಟೆ ಇಡಲು ಹುಂಜ ಬೇಕಿಲ್ಲ ಸ್ವಾಮಿ, ಮರಿ ಆಗಲು ಬೇಕು.

ಈಗ ವಿಷಯಕ್ಕೆ ಬರುತ್ತೇನೆ. ಮೊಟ್ಟೆ ಇಡುವ ಕೋಳಿಗೆ ದಿನಕ್ಕೆ 100ರಿಂದ 120 ಗ್ರಾಂ ಆಹಾರ ಬೇಕು. ಅದಕ್ಕೆಂದೇ ಫೀಡ್ ಅಂಗಡಿಯಲ್ಲಿ ಲೇಯರ್ ಮ್ಯಾಶ್ ಸಿಗುತ್ತದೆ: ಮುಸುಕಿನ ಜೋಳ, ಸೋಯಾ ಹಿಂಡಿ, ತೌಡು, ಜೊತೆಗೆ ಸುಣ್ಣಕಲ್ಲಿನ ಪುಡಿ. ಪ್ರೋಟೀನು ಶೇ 16ರಿಂದ 18, ಕ್ಯಾಲ್ಸಿಯಂ ಶೇ 3.5ರಿಂದ 4. ಒಂದು ಮೊಟ್ಟೆಯ ಚಿಪ್ಪಿಗೇ ಎರಡು ಗ್ರಾಂ ಚಿಲ್ಲರೆ ಕ್ಯಾಲ್ಸಿಯಂ ಖರ್ಚಾಗುತ್ತದೆ. ಮೊಟ್ಟೆ ತಯಾರಾಗಲು ಸುಮಾರು 25 ಗಂಟೆ. ಅದರಲ್ಲಿ 20 ಗಂಟೆ ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ಆ ಕೆಲಸ ಹೆಚ್ಚಾಗಿ ನಡೆಯುವುದು ರಾತ್ರಿ, ಕೋಳಿ ಕೋಲಿನ ಮೇಲೆ ಕೂತು ನಿದ್ದೆ ಹೊಡೆಯುವಾಗ. ಹಾಗಾಗಿ ಸಂಜೆ ಹೊಟ್ಟೆಗೆ ಏನು ಬಿದ್ದಿದೆ ಅನ್ನುವುದು ಬಹಳ ಮುಖ್ಯ. ಕೋಳಿಗೂ ಅದು ಗೊತ್ತು. ಕತ್ತಲಾಗುವ ಮುಂಚೆ ಹುಡುಕಿಕೊಂಡು ಹೋಗಿ ಸುಣ್ಣದ ಹರಳು ತಿನ್ನುತ್ತದೆ.

ತಿನ್ನುತ್ತಿತ್ತು ಅನ್ನಬೇಕು. ಸಂಜೆ ಐದಕ್ಕೆ ಸರಿಯಾಗಿ ಮೇಲಿನ ಬಾಲ್ಕನಿಯಲ್ಲಿ 'ಠಣ್' ಅಂತ ಸದ್ದು. ಸ್ಟೀಲ್ ಡಬ್ಬಿಯ ಮುಚ್ಚಳ.

ಓನರ್ ಅಂಕಲ್ ರಿಟೈರಾದವರು. ಶುಗರ್ ಇದೆ, ಬಿಪಿ ಇದೆ, ಬೆಳಿಗ್ಗೆ ಪಾರ್ಕಿನಲ್ಲಿ ವಾಕಿಂಗ್ ಇದೆ, ಮಧ್ಯಾಹ್ನ ಸಪ್ಪೆ ಊಟ ಇದೆ. ಮನುಷ್ಯ ಕೆಟ್ಟವರಲ್ಲ, ನೀರಿನ ಬಿಲ್ಲಿನಲ್ಲಿ ಮೋಸ ಇಲ್ಲ. ಸಂಜೆ ಕಾಫಿ ಲೋಟ ಹಿಡಿದು ಬಾಲ್ಕನಿಗೆ ಬಂದು, ಎಡಗಡೆ ನೋಡಿ, ಬಲಗಡೆ ನೋಡಿ, ಡಬ್ಬಿ ತೆಗೆದು, ಒಂದು ಹಿಡಿ ಖಾರಾ ಮಿಕ್ಸ್ಚರ್ ಕೆಳಗೆ ಎರಚುತ್ತಾರೆ. ಕಡ್ಲೆಬೀಜ, ಖಾರಾಸೇವೆ, ಬೂಂದಿ, ಹುರಿದ ಕರಿಬೇವು. ಮೇಲಿಂದ ಸೇವೆ ಸುರಿಯುವಾಗ ನಮ್ಮ ನಾಲ್ಕೂ ಕೋಳಿಗಳು ಕತ್ತೆತ್ತಿ ನಿಂತಿರುವ ಭಕ್ತಿ ನೋಡಬೇಕು. ಮ್ಯಾಶ್ ಹಾಕಿದ ನನ್ನನ್ನು ಒಂದು ದಿನವೂ ಹಾಗೆ ನೋಡಿದ್ದಿಲ್ಲ.

ಅರ್ಧ ಕೆಜಿ ಪೊಟ್ಟಣ. ಮೂಲೆಯ ಕಾಂಡಿಮೆಂಟ್ಸ್ ಅಂಗಡಿಯಿಂದ ತರುತ್ತಾರೆ. ಮೆಟ್ಟಿಲು ಹತ್ತುವಾಗಲೇ ಜೋರಾಗಿ, "ಕೋಳಿಗೆ ಕಣೇ, ಕೋಳಿಗೆ!" ಅಂತ ಅಡುಗೆಮನೆ ತಲುಪುವಷ್ಟು ಘೋಷಣೆ. ಪಾಪ, ದಾನಿಗಳು ಹೇಳಿಕೊಳ್ಳಲಿ ಬಿಡಿ ಅಂತ ನಾನೂ ಸುಮ್ಮನಿದ್ದೆ.

ಒಮ್ಮೆ ಧೈರ್ಯ ಮಾಡಿ, "ಅಂಕಲ್, ಖಾರ ಕೋಳಿಗೆ ಒಳ್ಳೇದಲ್ಲ" ಅಂದುಬಿಟ್ಟೆ, ಅರ್ಥವಾಗುವ ಕಾರಣ ಕೊಡೋಣ ಅಂತ. ಅವರು ಮೊಬೈಲ್ ತೆಗೆದು, ಹಕ್ಕಿಗಳಿಗೆ ಮೆಣಸಿನಕಾಯಿ ಖಾರ ತಟ್ಟುವುದೇ ಇಲ್ಲ ಅಂತ ಓದಿ ತೋರಿಸಿದರು. ದುರದೃಷ್ಟಕ್ಕೆ ಅದು ನಿಜ. ನಮ್ಮ ನಾಲಿಗೆ ಸುಡುವ ಅಂಶ ಹಕ್ಕಿಗಳಿಗೆ ನಾಟುವುದಿಲ್ಲ. ಗಿಳಿ ಹಸಿಮೆಣಸಿನಕಾಯಿ ಕಚ್ಚಿಕೊಂಡು ಆರಾಮವಾಗಿ ಕೂರುವುದು ಅದಕ್ಕೇ. ಕೋಳಿ ಕೇಳಿ ಖಾರ ಅರೀತಾರಾ ಅಂತಾರಲ್ಲ, ನಿಜವಾಗಿ ಕೇಳಿದ್ದರೆ ಅದು, "ಖಾರ ಎಷ್ಟಾದರೂ ಹಾಕಿ, ಉಪ್ಪು ಕಮ್ಮಿ ಮಾಡಿ" ಅನ್ನುತ್ತಿತ್ತು. ತೊಂದರೆ ಇರುವುದು ಉಪ್ಪಿನಲ್ಲಿ, ಎಣ್ಣೆಯಲ್ಲಿ. ಉಪ್ಪು ಜಾಸ್ತಿಯಾದರೆ ನೀರು ಕುಡಿದೂ ಕುಡಿದೂ ಹಿಕ್ಕೆಯೆಲ್ಲ ನೀರು ನೀರು. ಅದನ್ನು ತೊಳೆಯುವುದಕ್ಕೆ ಮೇಲಿಂದ ಯಾರೂ ಇಳಿದು ಬರುವುದಿಲ್ಲ. ಅದಕ್ಕಿಂತ ದೊಡ್ಡದು, ಬಾಯಿರುಚಿಯದು ಏನಿದ್ದರೂ ದಿನದ ಆಹಾರದಲ್ಲಿ ಹತ್ತನೇ ಒಂದು ಪಾಲು ದಾಟಬಾರದು. ಐದಕ್ಕೆ ಮಿಕ್ಸ್ಚರ್ ತಿಂದ ಕೋಳಿ ಆರಕ್ಕೆ ಸುಣ್ಣದ ಹರಳು ಮೂಸಿ ನೋಡಿ ಗೂಡು ಹತ್ತುತ್ತದೆ. ರಾತ್ರಿ ಚಿಪ್ಪು ಕಟ್ಟಲು ಸಾಮಾನಿಲ್ಲ. ಬೆಳಿಗ್ಗೆ ನನ್ನ ಪ್ಯಾಂಟು.

ವಾರಕ್ಕೆರಡು ಮೊಟ್ಟೆ ಅವರಿಗೆ ಮಾಮೂಲಿ ಹೋಗುತ್ತದೆ. ಅದರ ಚಿಪ್ಪು ತೆಳು ಅಂತ ಕಂಪ್ಲೇಂಟು ಬೇರೆ.

ಈ ಡಬ್ಬಿಯ ಮಹಿಮೆ ಪೂರ್ತಿ ಗೊತ್ತಾಗಿದ್ದು ಹೋದ ತಿಂಗಳು ಒಂದು ಭಾನುವಾರ. ಬಡಾವಣೆಯ ನಿವಾಸಿಗಳ ಸಂಘಕ್ಕೆ ಅಂಕಲ್ಲೇ ಖಜಾಂಚಿ, ಅವರ ಮನೆಯಲ್ಲೇ ಕಮಿಟಿ ಮೀಟಿಂಗು. ವಿಷಯ: ಬೀದಿ ನಾಯಿಗಳು, ಮತ್ತು 'ಇತರೆ ಪ್ರಾಣಿಗಳಿಂದ ಆಗುತ್ತಿರುವ ಉಪದ್ರವ'. ಇತರೆ ಅಂದರೆ ಯಾರು ಅಂತ ಬೀದಿಗೆಲ್ಲ ಗೊತ್ತು. ನಾನು ಹಿಂದೆ ಕೂತು ಮ್ಯಾಶ್‌ಗೆ ನೀರು ಕಲಸುತ್ತಿದ್ದೆ. ಮೇಲೆ ಅಧ್ಯಕ್ಷರ ದನಿ, ಕುರ್ಚಿ ಎಳೆಯುವ ಸದ್ದು, ಆಮೇಲೆ ಆಂಟಿ ಬಂದವರಿಗೆ ಕಾಫಿ ಜೊತೆ ಕೊಡಲೆಂದು ಡಬ್ಬಿ ತೆಗೆದಿರಬೇಕು. 'ಠಣ್.'

ನಾಲ್ಕೂ ಕೋಳಿಗಳು ಒಟ್ಟಿಗೆ ಕತ್ತೆತ್ತಿದವು. ಬಾಲ್ಕನಿಯ ಕೆಳಗೆ ಹೋಗಿ ನಿಂತವು. ಏನೂ ಬೀಳಲಿಲ್ಲ. ಎರಡನೇ ಸಲ 'ಠಣ್' ಅಂದಾಗ ದೊಡ್ಡ ಗಿರಿರಾಜ (ಇದಕ್ಕೆ ಮೊದಲಿಂದಲೂ ಚೇರ್ಮನ್ ಅಂತಲೇ ಹೆಸರು) ತಿರುಗಿ ಮೆಟ್ಟಿಲಿನ ಕಡೆ ಹೊರಟಿತು. ಕೋಳಿ ಮೆಟ್ಟಿಲು ಹತ್ತುವುದನ್ನು ನೀವು ನೋಡಿದ್ದೀರೋ ಇಲ್ಲವೋ. ಒಂದು ಮೆಟ್ಟಿಲು ಹಾರಿ, ನಿಂತು, ಒಂದು ಕಣ್ಣಲ್ಲಿ ಮುಂದಿನದನ್ನು ಅಳೆದು, ಹಿಂದಿನವು ಬಂದವೋ ಇಲ್ಲವೋ ನೋಡಿ, ಮತ್ತೆ ಹಾರಿ. ನಾನು ಮೊಣಕೈವರೆಗೂ ಮ್ಯಾಶ್ ಮೆತ್ತಿಕೊಂಡು, "ಏಯ್, ಬಾ ಬಾ ಬಾ" ಅಂತ ಪಿಸುದನಿಯಲ್ಲಿ ಕೂಗುತ್ತಾ ಹಿಂದೆ. ಜೋರಾಗಿ ಕೂಗಿದರೆ ಮೇಲಿನವರಿಗೆ ಕೇಳಿಸುತ್ತದೆ, ಮೆಲ್ಲಗೆ ಕೂಗಿದರೆ ಕೋಳಿಗೂ ಕೇಳಿಸದು.

ನಾನು ಬಾಗಿಲು ಮುಟ್ಟುವಷ್ಟರಲ್ಲಿ ಚೇರ್ಮನ್ ಚಪ್ಪಲಿ ರಾಶಿ ದಾಟಿ ಹಾಲ್ ಪ್ರವೇಶಿಸಿ ಆಗಿತ್ತು. ಅಧ್ಯಕ್ಷರ ಮಾತು ಅರ್ಧಕ್ಕೆ ನಿಂತಿತು. ಒಂದು ಸ್ವರ್ಣಧಾರ ಸೋಫಾದ ಕೆಳಗಿಂದ ನುಗ್ಗಿ, ಕಾರ್ಯದರ್ಶಿ ಮೇಡಂ ಕಾಲ್ಬೆರಳಿನ ಕೆಂಪು ನೇಲ್ ಪಾಲಿಶ್ ಏನೋ ಹಣ್ಣಿರಬೇಕು ಅಂತ ಕುಕ್ಕಿತು. ಅವರು ಕಿರುಚಿ ಕಾಲೆತ್ತಿದ ರಭಸಕ್ಕೆ ಕಾಫಿ ಲೋಟ ಹಾರಿ, ಅದಕ್ಕೆ ಇನ್ನೊಂದು ಕೋಳಿ ಹೆದರಿ ಟೀಪಾಯಿ ಹತ್ತಿ, ಹರಡಿದ್ದ ಅಜೆಂಡಾ ಮೇಲೆ ತನ್ನ ಅಭಿಪ್ರಾಯವನ್ನು ಲಿಖಿತವಾಗಿಯೇ ದಾಖಲಿಸಿತು. ಇಷ್ಟೆಲ್ಲ ಗಲಾಟೆಯ ನಡುವೆ ಚೇರ್ಮನ್ ಮಾತ್ರ ಸೀದಾ ಹೋಗಿ ಅಂಕಲ್ ಕುರ್ಚಿಯ ಮುಂದೆ ನಿಂತು, ಕತ್ತು ಉದ್ದ ಮಾಡಿ, ಅವರ ಮುಖವನ್ನೇ ನೋಡತೊಡಗಿತು. ಉಳಿದ ಮೂರೂ ಬಂದು ಪಕ್ಕದಲ್ಲಿ ಸಾಲಾಗಿ ನಿಂತವು. ಅಂಕಲ್ ಬೆವರೊರೆಸಿಕೊಂಡು, "ಯಾರದಪ್ಪಾ ಇದು ಕೋಳಿ?" ಅಂದರು.

ಅವತ್ತೇ ರಾತ್ರಿ ವಾಟ್ಸಾಪಿನಲ್ಲಿ ನೋಟಿಸ್ ಬಂತು: ಸಾಕುಪ್ರಾಣಿಗಳನ್ನು ಮಾಲೀಕರು ಹದ್ದುಬಸ್ತಿನಲ್ಲಿ ಇಟ್ಟುಕೊಳ್ಳತಕ್ಕದ್ದು. ಕಳಿಸಿದವರು ಖಜಾಂಚಿ. ಮರುದಿನ ಸಂಜೆ ಐದಕ್ಕೆ ಮತ್ತೆ 'ಠಣ್'.

ಅಂಕಲ್ ಒಬ್ಬರನ್ನೇ ಅಂದು ಪ್ರಯೋಜನವಿಲ್ಲ. ಹಸಿ ಕಸ, ಒಣ ಕಸ ಬೇರೆ ಮಾಡಬೇಕು ಅಂತಾದ ಮೇಲೆ ಇಡೀ ಬೀದಿಗೆ ನಮ್ಮ ಕೋಳಿಗಳು ಮೂರನೇ ಡಬ್ಬ. "ಬಿಸಾಕೋಕೆ ಮನಸ್ಸು ಬರಲ್ಲ, ಕೋಳಿಗೆ ಹಾಕಿ" ಅಂತ ಗೇಟಿಗೆ ಕವರು ನೇತುಹಾಕಿ ಹೋಗುತ್ತಾರೆ. ಹಳಸಿದ ಬಿಸಿಬೇಳೆ ಬಾತು, ಹಸಿರಾದ ಆಲೂಗಡ್ಡೆ ಸಿಪ್ಪೆ, ಅರ್ಧ ತಿಂದ ಬಟರ್ ಫ್ರೂಟು. ಈ ಬಟರ್ ಫ್ರೂಟು ಹಕ್ಕಿಗಳಿಗೆ ವಿಷ. ನಾನು ಹೇಳಿದರೆ, "ಅಯ್ಯೋ, ಕೋಳಿ ಏನು ಬೇಕಾದ್ರೂ ತಿನ್ನುತ್ತೆ" ಅನ್ನುತ್ತಾರೆ. ತಿನ್ನುತ್ತೆ, ಥರ್ಮಾಕೋಲೂ ತಿನ್ನುತ್ತೆ. ಅದಕ್ಕೇ ಅಲ್ಲವಾ ನಾನು ಅಲ್ಲಿ ನಿಂತಿರುವುದು.

ಮಾಗಡಿ ಕಡೆ ನಮ್ಮಜ್ಜಿ ಕೋಳಿಗೆ ಅಂತ ಒಂದು ಪೈಸೆಯ ಫೀಡು ಕೊಂಡವಳಲ್ಲ. ಬೆಳಿಗ್ಗೆ ಮಂಕರಿ ಎತ್ತಿದರೆ ಸೀದಾ ತಿಪ್ಪೆಗೆ. ಹುಳು, ಗೆದ್ದಲು, ಕಣದಲ್ಲಿ ಉದುರಿದ ರಾಗಿ. ಸಂಜೆ ಒಂದು ಹಿಡಿ ನುಚ್ಚು ಎರಚಿದರೆ ಅದು ಊಟಕ್ಕಲ್ಲ, ಲೆಕ್ಕ ಹಾಕಿಕೊಳ್ಳುವುದಕ್ಕೆ. ಹತ್ತು ಹನ್ನೆರಡು ಮೊಟ್ಟೆ ಇಟ್ಟು ಕಾವಿಗೆ ಕೂತರೆ 21 ದಿನ ಅದರ ತಂಟೆಗೆ ಯಾರೂ ಹೋಗುತ್ತಿರಲಿಲ್ಲ, ಅಜ್ಜಿ ಪಕ್ಕದಲ್ಲಿ ಒಂದು ತೆಂಗಿನ ಚಿಪ್ಪಿನಲ್ಲಿ ನೀರು ಇಟ್ಟು ಬರುತ್ತಿದ್ದಳು. ಇಲ್ಲಿ ಅಂಗಳವೆಲ್ಲ ಸಿಮೆಂಟು. ಹಲ್ಲಿಲ್ಲದ ಹಕ್ಕಿಗೆ ಕಾಳು ಅರೆಯಲು ಹೊಟ್ಟೆಯಲ್ಲಿ ಸಣ್ಣ ಕಲ್ಲು ಬೇಕು. ಅದನ್ನೂ ಕೊಂಡು ತರಬೇಕಾದ ಊರು ಇದು. ಹೋದ ವರ್ಷ ಯಾರೋ ಕೇಬಲ್ಲಿಗೆ ಅಂತ ರಸ್ತೆ ಅಗೆದು ತಿಂಗಳುಗಟ್ಟಲೆ ಮುಚ್ಚದೆ ಬಿಟ್ಟಿದ್ದರು. ಬೀದಿಯವರೆಲ್ಲ ಶಾಪ ಹಾಕುವಾಗ ನಮ್ಮ ನಾಲ್ಕು ಮಾತ್ರ ಆ ಕೆಮ್ಮಣ್ಣಿನಲ್ಲಿ ಹೊಂಡ ತೋಡಿಕೊಂಡು, ರೆಕ್ಕೆ ಹರಡಿ, ಕಣ್ಣು ಮುಚ್ಚಿ, ಮಣ್ಣಿನ ಸ್ನಾನ ಮಾಡಿಕೊಂಡು ಬಿದ್ದಿರುತ್ತಿದ್ದವು. ಬೆಂಗಳೂರಿನಲ್ಲಿ ಅಗೆದ ರಸ್ತೆಯಿಂದ ಸುಖಪಟ್ಟವರು ಅವರೇ ಇರಬೇಕು. ಹೇನೂ ಹೋಯಿತು. ಆಮೇಲೆ ಟಾರು ಹಾಕಿಬಿಟ್ಟರು.

ಇರಲಿ. ಇವತ್ತು ಸಂಜೆ ಆಫೀಸಿನಿಂದ ಬರುವಷ್ಟರಲ್ಲಿ ಓನರ್ ಆಂಟಿ ಗೂಡಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ನೋಡಪ್ಪಾ, ಒಂದು ಮಾತು ಕೇಳ್ತೀನಿ, ನಿಜ ಹೇಳು. ಈ ನಾಲ್ಕು ಕೋಳಿ ವಾರಕ್ಕೆ ಅರ್ಧ ಕೆಜಿ ಮಿಕ್ಸ್ಚರ್ ತಿನ್ನುತ್ವಾ?"

"ಎಲ್ಲಿ ಆಂಟಿ, ದಿನಾ ಒಂದೇ ಒಂದು ಹಿಡಿ ಹಾಕ್ತಾರೆ. ಅದೂ ಸಣ್ಣ ಹಿಡಿ."

ಆಂಟಿ ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. ಮತ್ತೆ ಒಂದು ಬೆರಳು ಬಿಚ್ಚಿ ಮಡಚಿದರು. "ಹೋದ ವಾರ ಬಿಪಿ ನೂರಾ ಅರವತ್ತು. ಡಾಕ್ಟರು ಉಪ್ಪು ಎಲ್ಲಿಂದ ಹೋಗ್ತಿದೆ ಅಂತ ನನ್ನನ್ನ ಬೈದ್ರು" ಅಂದವರೇ ಮೆಟ್ಟಿಲು ಹತ್ತಿದರು. ಮೇಲೆ ಬಾಗಿಲು ಹಾಕಿಕೊಂಡಿತು. ದನಿ ಒಂದೇ ಕೇಳುತ್ತಿತ್ತು, ಆಂಟಿಯದು. ಐದೂವರೆ ಆಯಿತು, ಆರಾಯಿತು. ಕೋಳಿಗಳು ಬಾಲ್ಕನಿ ನೋಡಿ ನೋಡಿ ಬೇಸತ್ತು, ಕಡೆಗೆ ಸುಣ್ಣದ ಹರಳಿನ ಬಟ್ಟಲಿಗೆ ಬಾಯಿ ಹಾಕಿದವು. ನನಗೆ ಒಳಗೊಳಗೇ ಖುಷಿ.

ಏಳು ಗಂಟೆಗೆ ಮೋಟರ್ ಆಫ್ ಮಾಡುವ ನೆಪದಲ್ಲಿ ಅಂಕಲ್ ಕೆಳಗಿಳಿದರು. ಸ್ವಿಚ್ ಹತ್ತಿರ ಸ್ವಲ್ಪ ಹೊತ್ತು ನಿಂತರು. ಮೇಲೆ ನೋಡಿದರು, ಗೇಟಿನ ಕಡೆ ನೋಡಿದರು, ನನ್ನ ಹತ್ತಿರ ಬಂದು ದನಿ ತಗ್ಗಿಸಿದರು.

"ಅಲ್ಲಪ್ಪಾ, ಕೋಳಿಗೆ ನಿಪ್ಪಟ್ಟು ಆಗುತ್ತಾ?"

ಮುಂದಿನ ತಿಂಗಳು ನಮ್ಮ ಅಗ್ರಿಮೆಂಟು ರಿನ್ಯೂ ಆಗಬೇಕು.

"ಆಗುತ್ತೆ ಅಂಕಲ್, ಒಂದು ಚೂರು" ಅಂದೆ. "ಆದರೆ ಬೆಳಿಗ್ಗೆ ಹಾಕಿ. ಸಂಜೆ ಮಾತ್ರ ಬೇಡ."