ಆ ಹುಡುಗಿಯ ಹೆಸರು ನನಗೆ ಗೊತ್ತಾಗಬಾರದಿತ್ತು

ಗೌರಿಬಿದನೂರಿನ ಒಂದು ಮನೆಯ ಬಗ್ಗೆ ನನಗೆ ಈಗ ತುಂಬಾ ಗೊತ್ತು. ಆ ಮನೆಯ ಹುಡುಗಿಯ ಹೆಸರು ಗೊತ್ತು. ಅವಳ ಸಂಬಳ ಗೊತ್ತು. ಅವರಪ್ಪನ ಅಂಗಡಿ ಯಾವ ರಸ್ತೆಯಲ್ಲಿದೆ, ಅದರ ಮೇಲೆ ಎಷ್ಟು ಸಾಲ ಇದೆ, ಎಲ್ಲ ಗೊತ್ತು. ಹೆಣ್ಣು ನೋಡಿ ಬಂದವರು ಯಾಕೆ ಬೇಡ ಅಂದರು ಅನ್ನುವುದೂ ಗೊತ್ತು. ಅವರಲ್ಲಿ ಒಬ್ಬರ ಮುಖವನ್ನೂ ನಾನು ನೋಡಿಲ್ಲ. ಇದೆಲ್ಲ ನನ್ನ ಕಿವಿಗೆ ಬಿದ್ದದ್ದು ಮೊನ್ನೆ ಭಾನುವಾರ, ದೆಹಲಿಯಿಂದ ಬರುವ ವಿಮಾನದಲ್ಲಿ.

ಮಗಳನ್ನು ಹಾಸ್ಟೆಲ್‌ಗೆ ಬಿಟ್ಟು ಬರುತ್ತಿದ್ದೆ. ಮನಸ್ಸು ಮೊದಲೇ ಸರಿ ಇರಲಿಲ್ಲ, ಹೆಣ್ಣುಮಕ್ಕಳ ಅಪ್ಪಂದಿರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನನಗೆ ನಡುವಿನ ಸೀಟು. ಕಿಟಕಿಯ ಕಡೆ ಒಬ್ಬ ಹುಡುಗ, ಹತ್ತಿದ ತಕ್ಷಣ ಮಲಗಿಬಿಟ್ಟ. ಈ ಕಡೆ ಐವತ್ತೈದರ ಆಸುಪಾಸಿನ ಒಬ್ಬರು. ವೈಫೈ ಇರುವ ವಿಮಾನ. ಬೆಲ್ಟ್ ಲೈಟ್ ಆರಿ ಸ್ವಲ್ಪ ಹೊತ್ತಿಗೆ ಅವರು ಫೋನ್ ತೆಗೆದು ಇಂಟರ್ನೆಟ್ ಕಾಲ್ ಹಚ್ಚಿದರು. ಕಿವಿಯಲ್ಲಿ ಇಯರ್‌ಫೋನ್ ಇತ್ತು. ಹಾಗಾಗಿ ಆ ಕಡೆಯ ಮಾತು ನಮಗೆ ಕೇಳಿಸಲಿಲ್ಲ. ಇವರದು ಮಾತ್ರ ನಾಲ್ಕು ಸಾಲಿನವರೆಗೆ ಕೇಳಿಸುತ್ತಿತ್ತು.

ಮೊದಲು ಕನ್ನಡದಲ್ಲಿ ಮಾತಾಡಿದರು. ವಿಷಯ ಮದುವೆಯ ಸಂಬಂಧ ಅಂತ ಬಂದ ಕೂಡಲೇ ತೆಲುಗಿಗೆ ತಿರುಗಿದರು. ದೆಹಲಿ ವಿಮಾನದಲ್ಲಿ ಯಾರಿಗೆ ಅರ್ಥವಾಗುತ್ತದೆ ಅಂತ ಅಂದುಕೊಂಡಿರಬೇಕು. ನಾನು ಚಿಕ್ಕಬಳ್ಳಾಪುರದವನು. ನಮ್ಮ ಕಡೆ ಅರ್ಧ ಊರು ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ನನ್ನ ಅಂಗಡಿಗೆ ಬರುವ ರೈತರು ಬೀಜದ ಹೆಸರು ಕನ್ನಡದಲ್ಲಿ ಹೇಳಿ ರೇಟು ತೆಲುಗಿನಲ್ಲಿ ಕೇಳುತ್ತಾರೆ. ಒಂದೊಂದು ಮಾತೂ ಅರ್ಥವಾಯಿತು.

ಹುಡುಗಿ ಬಣ್ಣ ಕಡಿಮೆ ಅಂದರು. ಅಪ್ಪನಿಗೆ ಸಾಲ ಇದೆ, ನಾಳೆ ನಮ್ಮ ಹುಡುಗನ ತಲೆಗೇ ಬರುತ್ತದೆ ಅಂದರು. ಅವಳಿಗೆ ಹಿಂದೆ ಒಂದು ಸಂಬಂಧ ನಿಶ್ಚಯವಾಗಿ ಮುರಿದಿತ್ತಂತೆ, ಅದನ್ನೂ ಕಾರಣ ಸಮೇತ ಹೇಳಿದರು. ಕರೆ ಕಟ್ಟಾಯಿತು. ಮತ್ತೆ ಹಚ್ಚಿದರು. "ಹಲೋ, ಹಲೋ, ಕೇಳಿಸ್ತಿದೆಯಾ?" ಅಂತ ಶುರುವಾಗಿ ಮತ್ತೆ ಅದೇ ಹೆಸರು, ಅದೇ ಬಣ್ಣ, ಅದೇ ಸಾಲ. ಹೀಗೆ ಐದಾರು ಸಲ ಆಯಿತು.

ಮೂರನೆಯ ಸಲಕ್ಕೆ ನಾನು, "ಸಾರ್, ಸ್ವಲ್ಪ ಮೆಲ್ಲಗೆ ಮಾತಾಡ್ತೀರಾ?" ಅಂದೆ. ಅವರು ಸಿಟ್ಟು ಮಾಡಿಕೊಳ್ಳಲಿಲ್ಲ. ಸಮಾಧಾನವಾಗಿಯೇ, "ಈಗ ಡೇಂಜರ್ ಏನಿಲ್ಲ ಸಾರ್, ಅವರೇ ವೈಫೈ ಕೊಟ್ಟಿದ್ದಾರಲ್ಲ" ಅಂದರು. ಗಗನಸಖಿ ಬಂದು ಒಮ್ಮೆ ಹೇಳಿದರು. ಆ ಮಗಳೂ ಇಂಥ ನಿಯಮ ಇದೆ ಅಂತ ಹೇಳಲಿಲ್ಲ, "ದಯವಿಟ್ಟು" ಅಂದರು. ಅವರು ಆ ಕಡೆ ಹೋದ ಮೇಲೆ ಇವರು ಮತ್ತೆ ಫೋನ್ ಹಚ್ಚಿದರು.

"ಡೇಂಜರ್ ಏನಿಲ್ಲ." ಈ ಮಾತು ನನ್ನನ್ನು ಬಿಡಲಿಲ್ಲ. ಮನೆಗೆ ಬಂದು ಎರಡು ರಾತ್ರಿ ಕೂತು ಓದಿದೆ. ಅವರು ಹೇಳಿದ್ದು ಹೆಚ್ಚುಕಮ್ಮಿ ನಿಜವೇ.

ವಿಮಾನದಲ್ಲಿ ಫೋನ್ ಆನ್ ಮಾಡಿದರೆ ವಿಮಾನ ಬಿದ್ದೇ ಹೋಗುತ್ತದೆ ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದೆವು. ವಿಮಾನದ ಉಪಕರಣಕ್ಕೆ ತೊಂದರೆ ಆಗಬಾರದು ಅನ್ನುವ ಎಚ್ಚರಿಕೆ ಇದ್ದದ್ದು ನಿಜ. ಹಳೆಯ ಫೋನ್‌ಗಳಿಂದ ಪೈಲಟ್‌ಗಳ ಹೆಡ್‌ಫೋನಿನಲ್ಲಿ ಗುಂಯ್‌ಗುಡುವ ಸದ್ದು ಬರುತ್ತಿತ್ತು. ಆದರೆ ಅಮೆರಿಕದ ಟೆಲಿಕಾಂ ಆಯೋಗ 1991ರಲ್ಲಿ ಹಾರುವ ವಿಮಾನದಲ್ಲಿ ಮೊಬೈಲ್ ನಿಷೇಧಿಸಿದ್ದು ಮುಖ್ಯವಾಗಿ ನೆಲದ ಮೇಲಿನ ನೆಟ್‌ವರ್ಕ್ ಕಾಪಾಡಲು. ಕೆಳಗಿದ್ದಾಗ ಫೋನಿಗೆ ಹತ್ತಿರದ ಕೆಲವೇ ಟವರ್ ಸಿಗುತ್ತವೆ. ಮೇಲೆ ಹೋದರೆ ಅಡ್ಡ ಬರಲು ಬೆಟ್ಟವೂ ಇಲ್ಲ, ಕಟ್ಟಡವೂ ಇಲ್ಲ. ಒಂದೇ ಫೋನ್ ಒಂದೇ ಸಲ ಎಷ್ಟೋ ಟವರ್‌ಗಳನ್ನು ತಟ್ಟುತ್ತದೆ.

ಅದಕ್ಕೂ ದಾರಿ ಕಂಡುಹಿಡಿದರು. ವಿಮಾನದ ಒಳಗೇ ಒಂದು ಪುಟ್ಟ ಟವರ್ ಇಡುತ್ತಾರೆ. ಅದು ಹತ್ತಿರವೇ ಇರುವುದರಿಂದ ಫೋನ್ ಕಡಿಮೆ ಶಕ್ತಿಯಲ್ಲೇ ಕೆಲಸ ಮಾಡುತ್ತದೆ. ಅಲ್ಲಿಂದ ಮಾತು ಉಪಗ್ರಹಕ್ಕೆ ಹೋಗಿ ನೆಲಕ್ಕೆ ಇಳಿಯುತ್ತದೆ. 2008ರ ಮಾರ್ಚ್‌ನಲ್ಲಿ ದುಬೈನಿಂದ ಕಾಸಾಬ್ಲಾಂಕಾಕ್ಕೆ ಹೋದ ಎಮಿರೇಟ್ಸ್ ವಿಮಾನದಲ್ಲೇ ಜನ ಹೀಗೆ ಮಾತಾಡಿದ್ದಾರೆ. ಯುರೋಪ್ ಕೂಡ ಅದೇ ವರ್ಷ ಅನುಮತಿ ಕೊಟ್ಟಿತು.

ನಮ್ಮಲ್ಲಿ? 2014ರಲ್ಲಿ ಫ್ಲೈಟ್ ಮೋಡ್‌ನಲ್ಲಿ ಫೋನ್ ಬಳಸಬಹುದು ಅಂತ ಆಯಿತು. 2018ರ ಕೊನೆಗೆ ಹೊಸ ನಿಯಮ ಬಂತು. ಅದರ ಪ್ರಕಾರ ವಿಮಾನ 3,000 ಮೀಟರ್ ದಾಟಿದ ಮೇಲೆ ಇಂಟರ್ನೆಟ್ ಮಾತ್ರ ಅಲ್ಲ, ಮಾತಿನ ಸೇವೆಯನ್ನೂ ಕೊಡಬಹುದು. ನಮ್ಮ ನಂದಿ ಬೆಟ್ಟ ಸಮುದ್ರಮಟ್ಟದಿಂದ 1,478 ಮೀಟರ್. ಅಂಥ ಎರಡು ಬೆಟ್ಟ ಒಂದರ ಮೇಲೊಂದು ಇಟ್ಟು, ಅದಕ್ಕಿಂತ ಸ್ವಲ್ಪ ಮೇಲೆ ಹೋದರೆ ಕಾನೂನು ನಿಮ್ಮನ್ನು ತಡೆಯುವುದಿಲ್ಲ. ದೇಶದೊಳಗಿನ ವಿಮಾನಗಳಲ್ಲಿ ವೈಫೈ ಶುರುವಾಗಿದ್ದು 2025ರ ಜನವರಿಯಲ್ಲಿ. ಇನ್ನು ಉಳಿದಿರುವುದು ಕಂಪನಿಗಳ ತೀರ್ಮಾನ, ನಮ್ಮ ಮರ್ಯಾದೆ. ಇಷ್ಟೇ.

ನನ್ನ ಸಿಟ್ಟು ಇರುವುದು ಇಲ್ಲೇ. ಇಷ್ಟು ವರ್ಷ ನಮಗೆ "ಅಪಾಯ, ಮಾತಾಡಬೇಡಿ" ಅಂತಲೇ ಹೇಳಿದರು. "ಪಕ್ಕದವರಿಗೆ ಕಷ್ಟವಾಗುತ್ತದೆ, ಮಾತಾಡಬೇಡಿ" ಅಂತ ಯಾರೂ ಹೇಳಲಿಲ್ಲ. ಈಗ ಅಪಾಯ ಹೋಯಿತು. ಅದರ ಜೊತೆ ಸುಮ್ಮನಿರುವ ಕಾರಣವೂ ಹೋಯಿತು ಅಂತ ಜನ ತಿಳಿದಿದ್ದಾರೆ. ಆ ಮನುಷ್ಯ ಕೆಟ್ಟವರಲ್ಲ. ಇಳಿಯುವಾಗ ಹಿಂದಿನ ಸೀಟಿನ ಅಜ್ಜಿಯ ಚೀಲ ಅವರೇ ಇಳಿಸಿಕೊಟ್ಟರು. ಸರಿಯಾದ ಕಾರಣವನ್ನು ಅವರಿಗೆ ಯಾರೂ ಹೇಳಿಲ್ಲ, ಅಷ್ಟೇ. ಅದಕ್ಕೇ ಹೇಳುತ್ತಿದ್ದೇನೆ. ವಿಮಾನದಲ್ಲಿ ಮಾತಿನ ಕರೆ ಬೇಡ. ಸಾಮಾನ್ಯ ಕರೆಯೂ ಬೇಡ, ಇಂಟರ್ನೆಟ್ ಕರೆಯೂ ಬೇಡ. ಅಪಾಯ ಅಂತ ಹೇಳಿ ನಿಲ್ಲಿಸಬೇಡಿ. ಪಕ್ಕದಲ್ಲಿ ಮನುಷ್ಯರಿದ್ದಾರೆ ಅಂತ ಹೇಳಿ ನಿಲ್ಲಿಸಿ.

ನಮ್ಮ ಹೂವಿನ ಮಂಡಿಯ ಗೆಳೆಯನಿಗೆ ಇದನ್ನು ಹೇಳಿದೆ. ಅವನು ಒಪ್ಪಲಿಲ್ಲ. "ಬಸ್ಸಲ್ಲಿ ಮಾತಾಡಲ್ವಾ? ರೈಲಲ್ಲಿ ಮಾತಾಡಲ್ವಾ? ವಿಮಾನ ಏನು ದೇವಸ್ಥಾನಾನಾ?" ಅಂದ. ಸೇವಂತಿಗೆ ರೇಟು ಬೆಳಗ್ಗೆ ಐದಕ್ಕೆ ಒಂದು, ಏಳಕ್ಕೆ ಇನ್ನೊಂದು. ಎರಡೂಮುಕ್ಕಾಲು ಗಂಟೆ ಫೋನ್ ಇಲ್ಲ ಅಂದರೆ ಲಾರಿ ಮಾಲು ಹೋಯಿತು ಅನ್ನುತ್ತಾನೆ. ಅವನ ಕಷ್ಟ ನನಗೆ ಗೊತ್ತು. ಆದರೆ ವೈಫೈ ಇದ್ದರೆ ಮೆಸೇಜ್ ಹೋಗುತ್ತದಲ್ಲ? "ಕೊಡು", "ಬೇಡ", "ಇನ್ನೆರಡು ರೂಪಾಯಿ ಕೇಳು", ಇಷ್ಟನ್ನು ಬೆರಳಲ್ಲೇ ಬರೆಯಬಹುದು. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದರೂ ಮೆಸೇಜ್ ಬರುತ್ತದೆ. ಮೇಲಿರುವ ನಾವು ಬಾಗಿಲು ತೆಗೆದುಕೊಂಡು ಓಡಿಹೋಗಲು ಆಗುವುದಿಲ್ಲ. ವಿಷಯ ತಿಳಿಯಬೇಕು, ತಿಳಿಯಲಿ. ಅದನ್ನು ನೂರೆಂಬತ್ತು ಜನರ ನಡುವೆ ಕೂಗಿ ತಿಳಿಯಬೇಕಾಗಿಲ್ಲ.

ಬಸ್ಸಿನ ವಿಷಯಕ್ಕೆ ಬರುತ್ತೇನೆ. ನಮ್ಮ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಫೋನ್ ಸ್ಪೀಕರ್‌ಗೆ ಹಾಕಿ ಹಾಡು, ವಿಡಿಯೊ ಕೇಳಿಸಬಾರದು ಅಂತ 2021ರಲ್ಲಿ ಹೈಕೋರ್ಟ್ ಹೇಳಿದ ಮೇಲೆ ಆದೇಶ ಬಂತು. ಮಾತು ಕೇಳದಿದ್ದರೆ ಕಂಡಕ್ಟರ್ ಅವರನ್ನು ಬಸ್ಸಿನಿಂದ ಇಳಿಸಬಹುದು. ರೈಲಿನಲ್ಲೂ ರಾತ್ರಿ ಹತ್ತರ ಮೇಲೆ ಫೋನಿನಲ್ಲಿ ಜೋರಾಗಿ ಮಾತಾಡಬಾರದು ಅಂತ 2022ರಲ್ಲಿ ಸೂಚನೆ ಬಂದಿದೆ. ಈ ಎರಡರಲ್ಲೂ ಅಪಾಯದ ಮಾತೇ ಇಲ್ಲ ನೋಡಿ. ಪಕ್ಕದವರಿಗೆ ತೊಂದರೆ, ಅದೊಂದೇ ಕಾರಣ. ಇಳಿದುಹೋಗಲು ಆಗುವ ಬಸ್ಸಿಗೇ ನಿಯಮ ಇದೆ. ದೇವನಹಳ್ಳಿ ಬಿಟ್ಟ ಬಸ್ಸಿನಲ್ಲಿ ಸಾಕಾಯಿತು ಅನ್ನಿಸಿದರೆ ನಾನು ಮುಂದಿನ ಸ್ಟಾಪಿನಲ್ಲಿ ಇಳಿಯಬಲ್ಲೆ. ವಿಮಾನದಲ್ಲಿ ಅವರನ್ನೂ ಇಳಿಸಲಾಗದು, ನಾನೂ ಇಳಿಯಲಾಗದು. ಹದಿನೆಂಟು ಇಂಚಿನ ಸೀಟಿನಲ್ಲಿ ಬೆಲ್ಟ್ ಕಟ್ಟಿಕೊಂಡು ಕೂತವನ ಕಿವಿಗೆ ಎರಡೂಮುಕ್ಕಾಲು ಗಂಟೆ ಮಾತು ಸುರಿಯುವುದು ಸರಿಯಲ್ಲ.

ಪಕ್ಕಪಕ್ಕ ಕೂತ ಇಬ್ಬರು ಮಾತಾಡಿದರೆ ತೊಂದರೆ ಇಲ್ವಾ ಅಂತಲೂ ಅವನು ಕೇಳಿದ. ಇದೆ. ಆದರೆ ಅದು ಬೇರೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2010ರಲ್ಲಿ ಇದನ್ನು ಪರೀಕ್ಷೆ ಮಾಡಿ ಬರೆದಿದ್ದಾರೆ. ಇಬ್ಬರ ಪೂರ್ತಿ ಮಾತಿಗಿಂತ ಒಬ್ಬರ ಅರ್ಧ ಮಾತು ಕೇಳುವವರ ಗಮನವನ್ನು ಜಾಸ್ತಿ ಕೆಡಿಸುತ್ತದೆ. ಮುಂದೇನು ಬರುತ್ತದೆ ಅಂತ ಊಹಿಸಲು ಆಗುವುದಿಲ್ಲ. ನಾವು ಬೇಡ ಅಂದರೂ ತಲೆ ಆ ಖಾಲಿ ಜಾಗವನ್ನು ತುಂಬುತ್ತಾ ಹೋಗುತ್ತದೆ. ನನಗೂ ಹಾಗೇ ಆಯಿತು. ಕಣ್ಣು ಮುಚ್ಚಿದೆ, ಆಗಲಿಲ್ಲ. ಮಗಳ ಮುಖ ನೆನೆದುಕೊಂಡು ಕೂರೋಣ ಅಂತಿದ್ದವನು ಕಂಡಿಲ್ಲದ ಹುಡುಗಿಯ ಮದುವೆಯ ಲೆಕ್ಕ ಹಾಕುತ್ತಾ ಕೂತೆ.

ಮೆಲ್ಲಗೆ ಮಾತಾಡಿದರೆ ಆಯಿತಲ್ಲ ಅನ್ನುವವರಿಗೆ ಒಂದು ಮಾತು. ವಿಮಾನದಲ್ಲಿ ಮೆಲ್ಲಗೆ ಮಾತಾಡಲು ಆಗುವುದಿಲ್ಲ. ಎಂಜಿನ್ ಸದ್ದು ಒಂದೇ ಸಮ ಇರುತ್ತದೆ. ಸುತ್ತ ಗದ್ದಲ ಇದ್ದರೆ ಮನುಷ್ಯನ ದನಿ ತಾನಾಗಿಯೇ ಏರುತ್ತದೆ ಅಂತ ಫ್ರಾನ್ಸಿನ ವೈದ್ಯ ಲೊಂಬಾರ್ಡ್ 1911ರಲ್ಲೇ ತೋರಿಸಿದ್ದಾರೆ. ಮಾತಾಡುವವನಿಗೆ ಅದು ಗೊತ್ತೂ ಆಗುವುದಿಲ್ಲ. ಜೊತೆಗೆ ಕಿವಿಯಲ್ಲಿ ಇಯರ್‌ಫೋನ್. ತನ್ನ ದನಿ ತನಗೇ ಸರಿಯಾಗಿ ಕೇಳಿಸುವುದಿಲ್ಲ. ಮೆಲ್ಲಗೆ ಅಂದ ಮೇಲೂ ಅವರು ಕೂಗುತ್ತಿದ್ದದ್ದು ಹಟದಿಂದ ಅಲ್ಲ. ಅಲ್ಲಿ ಕೂತರೆ ನಾನೂ ಕೂಗುತ್ತೇನೆ, ನೀವೂ ಕೂಗುತ್ತೀರಿ.

ಒಂದು ವಿಷಯ ಇಲ್ಲಿವರೆಗೆ ಬರೆದಿರಲಿಲ್ಲ. ಕೆಲವರಿಗೆ ಗೊತ್ತು, ಎಲ್ಲರಿಗೂ ಗೊತ್ತಿಲ್ಲ.

ಐದು ವರ್ಷದ ಹಿಂದೆ ಬೆಂಗಳೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಯಲಹಂಕ ದಾಟಿದ ಮೇಲೆ ನನ್ನ ಹೆಂಡತಿಯ ಫೋನ್ ಬಂತು. ನನ್ನ ತಮ್ಮನ ತೋಟದ ವಿಷಯ. ಮೂರು ಬೋರ್ ಕೊರೆಸಿದ್ದ, ಕೊನೆಯದು 1,200 ಅಡಿ, ನೀರಿಲ್ಲ. ದ್ರಾಕ್ಷಿ ಆಲಿಕಲ್ಲಿಗೆ ಹೋಗಿತ್ತು. ಯಾರ ಹತ್ತಿರ ಎಷ್ಟು ಕೈಸಾಲ ಮಾಡಿದ್ದಾನೆ, ಯಾರಿಗೆ ಕೊಡಲು ಆಗುವುದಿಲ್ಲ ಅಂತ ನನಗೊಬ್ಬನಿಗೇ ಹೇಳಿಕೊಂಡಿದ್ದ. ನಾನು ಅದನ್ನೆಲ್ಲ ಹೆಸರು ಸಮೇತ ಫೋನಿನಲ್ಲಿ ಹೇಳಿದೆ. ಬಸ್ಸಿನ ಸದ್ದು, ಜೋರಾಗಿಯೇ ಹೇಳಿದೆ. ಹಿಂದಿನ ಮೂರನೇ ಸೀಟಿನಲ್ಲಿ ನಮ್ಮೂರಿನವರೊಬ್ಬರು ಕೂತಿದ್ದರು. ನಾನು ನೋಡಿರಲಿಲ್ಲ. ಸಂಜೆ ಹೊತ್ತಿಗೆ ಸಾಲ ಕೊಟ್ಟವರು ತಮ್ಮನ ಬಾಗಿಲಲ್ಲಿ ನಿಂತಿದ್ದರು.

ಎರಡು ವರ್ಷ ಅವನು ನನ್ನ ಜೊತೆ ಮಾತು ಬಿಟ್ಟ. ಈಗ ಮಾತಾಡುತ್ತಾನೆ. ಹಬ್ಬಕ್ಕೆ ಬರುತ್ತಾನೆ, ಮಕ್ಕಳನ್ನೂ ಕರೆತರುತ್ತಾನೆ. ಆದರೆ ಕಷ್ಟ ಮಾತ್ರ ಹೇಳಿಕೊಳ್ಳುವುದಿಲ್ಲ.

ಅದಕ್ಕೇ ಆ ಹುಡುಗಿಯ ವಿಷಯ ನನಗೆ ಇಷ್ಟು ಚುಚ್ಚಿದ್ದು. ಕಿವಿಗೆ ಹಿಂಸೆ ಅನ್ನುವುದಷ್ಟೇ ಆಗಿದ್ದರೆ ಎರಡು ದಿನಕ್ಕೆ ಮರೆಯುತ್ತಿದ್ದೆ. ಫೋನಿನಲ್ಲಿ ಮಾತಾಡುವವರು ಬರೀ ತಮ್ಮ ವಿಷಯ ಮಾತಾಡುವುದಿಲ್ಲ. ಅಲ್ಲಿಲ್ಲದ ಇನ್ನೊಬ್ಬರ ವಿಷಯ ಮಾತಾಡುತ್ತಾರೆ. ಆ ಹುಡುಗಿಗೆ ಆ ವಿಮಾನದಲ್ಲಿ ಸೀಟು ಇರಲಿಲ್ಲ. "ಅದು ಹಾಗಲ್ಲ" ಅಂತ ಹೇಳಲು ಅವಳು ಅಲ್ಲಿರಲಿಲ್ಲ. ನಾಲ್ಕು ಸಾಲಿನಲ್ಲಿ ಇಪ್ಪತ್ತಕ್ಕೂ ಜಾಸ್ತಿ ಜನ ಇದ್ದೆವು. ನನ್ನಂತೆ ಅರ್ಥ ಮಾಡಿಕೊಂಡವರು ಇನ್ನೆಷ್ಟು ಜನ? ಗೌರಿಬಿದನೂರು ನಮಗೆ ದೂರದ ಊರಲ್ಲ. ನನ್ನ ಹೆಂಡತಿಯ ನೆಂಟರು ಅಲ್ಲಿದ್ದಾರೆ. ನಾನು ಮನೆಯಲ್ಲಿ ಆ ಹೆಸರು ಹೇಳಿಲ್ಲ, ಹೇಳುವುದೂ ಇಲ್ಲ.

ಅಮೆರಿಕದಲ್ಲಿ 2013ರಲ್ಲಿ ಆ ಹಳೆಯ ನಿಷೇಧ ತೆಗೆಯಬೇಕು ಅಂತ ಪ್ರಸ್ತಾವ ಬಂದಿತ್ತು. ಪೈಲಟ್‌ಗಳ ಸಂಘ, ಗಗನಸಖಿಯರ ಸಂಘ ಬೇಡ ಅಂದವು. 2020ರಲ್ಲಿ ಆಯೋಗ ಆ ಪ್ರಸ್ತಾವವನ್ನೇ ಕೈಬಿಟ್ಟಿತು. ಅಲ್ಲಿ ಜನ ಬಾಯಿ ಬಿಟ್ಟು ಹೇಳಿದರು, ಅದಕ್ಕೆ ಬೆಲೆ ಸಿಕ್ಕಿತು. ನಾವೂ ಹೇಳಬೇಕು ಅಲ್ವಾ?

ನಿನ್ನೆ ರಾತ್ರಿ ಆ ವಿಮಾನ ಕಂಪನಿಗೆ ಒಂದು ಮೇಲ್ ಬರೆದೆ. ಆ ಮನುಷ್ಯರ ಮೇಲೆ ದೂರು ಕೊಟ್ಟಿಲ್ಲ, ಸೀಟ್ ನಂಬರ್ ಕೂಡ ಬರೆದಿಲ್ಲ. ಎರಡೇ ವಿಷಯ ಕೇಳಿದ್ದೇನೆ. ಬೆಲ್ಟ್ ಕಟ್ಟಿಕೊಳ್ಳಿ ಅಂತ ಹೇಳುವಾಗಲೇ "ಪಕ್ಕದವರಿಗಾಗಿ ಫೋನಿನಲ್ಲಿ ಮಾತಾಡಬೇಡಿ, ಮೆಸೇಜ್ ಮಾಡಿ" ಅಂತಲೂ ಹೇಳಿ, ಕನ್ನಡದಲ್ಲೂ ಹೇಳಿ. ಆ ಗಗನಸಖಿಯರ ಕೈಗೆ ಒಂದು ನಿಯಮ ಕೊಡಿ, ಬರೀ "ದಯವಿಟ್ಟು" ಅನ್ನುವ ಪದ ಕೊಟ್ಟು ಕಳಿಸಬೇಡಿ. ವಿಮಾನದಲ್ಲಿ ಓಡಾಡುವ ಗೆಳೆಯರು ನೀವೂ ಬರೆಯಿರಿ. ನನ್ನ ಮೇಲ್ ಬೇಕಿದ್ದರೆ ಕೇಳಿ, ಕಳಿಸುತ್ತೇನೆ, ಹೆಸರು ಬದಲಾಯಿಸಿಕೊಂಡು ಹಾಕಿ.

ಇನ್ನೂ ಉತ್ತರ ಬಂದಿಲ್ಲ. ಬಂದರೆ ಇಲ್ಲೇ ಹಾಕುತ್ತೇನೆ.