ಆ ನಾಕೌಟ್ ವಿಡಿಯೋದಲ್ಲಿ ಬಿದ್ದವರು ಲೈಲಾ ಅಲಿ ಅಲ್ಲ

‘ಮುಹಮ್ಮದ್ ಅಲಿ ಮಗಳನ್ನು ಒಂದೇ ಏಟಿಗೆ ಕೆಡವಿದ ಆನ್ ವುಲ್ಫ್’ ಎಂಬ ಬಾಕ್ಸಿಂಗ್ ವಿಡಿಯೋ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಆ ಮಗಳೇ ಲೈಲಾ ಅಲಿ; ಇಬ್ಬರೂ ಅಮೆರಿಕದ ಬಾಕ್ಸರ್‌ಗಳು. ನಾನೂ ಹಿಂದೆಮುಂದೆ ನೋಡದೆ ಕಳಿಸಿದ್ದೆ, ತಪ್ಪಾಯಿತು.

ಏಟು ನಿಜ, ಹೆಸರು ಸುಳ್ಳು. ಅದು 2004ರ ಮೇ ತಿಂಗಳಲ್ಲಿ ಅಮೆರಿಕದ ಬಿಲೋಕ್ಸಿಯಲ್ಲಿ ನಡೆದ ಪಂದ್ಯ. ಮೊದಲ ಸುತ್ತಿನಲ್ಲೇ ಬಿದ್ದವರು ವೊಂಡಾ ವಾರ್ಡ್. ಆರೂವರೆ ಅಡಿ ಎತ್ತರ, ಮೊದಲು ಬಾಸ್ಕೆಟ್‌ಬಾಲ್ ಆಡಿದವರು, ಅಲ್ಲಿಯವರೆಗೆ ಸೋತೇ ಇರಲಿಲ್ಲ. ಲೈಲಾ ಮತ್ತು ವುಲ್ಫ್ ರಿಂಗ್‌ನಲ್ಲಿ ಎದುರಾಗಲೇ ಇಲ್ಲ. ಲೈಲಾ 24 ಪಂದ್ಯ ಆಡಿ, ಒಂದನ್ನೂ ಸೋಲದೆ ನಿವೃತ್ತರಾದರು. ಇಬ್ಬರ ಪಂದ್ಯಗಳ ದಾಖಲೆ ನೋಡಿದರೆ ಸಾಕು, ಗೊತ್ತಾಗುತ್ತದೆ.

ಅದೇ ಮೆಸೇಜಿನಲ್ಲಿ ಇನ್ನೊಂದು ತಪ್ಪೂ ಇದೆ: ಬಾಕ್ಸರ್ ಜೇಮ್ಸ್ ಕರ್ಕ್‌ಲ್ಯಾಂಡ್ ಸೋತಾಗ ವುಲ್ಫ್ ಅವರೇ ಕೋಚ್ ಆಗಿದ್ದರಂತೆ. ವುಲ್ಫ್ ಆಮೇಲೆ ಕೋಚ್ ಆಗಿ ಕರ್ಕ್‌ಲ್ಯಾಂಡ್‌ರನ್ನು ತಯಾರು ಮಾಡಿದ್ದು ಹೌದು. ಆದರೆ 2015ರಲ್ಲಿ ಕರ್ಕ್‌ಲ್ಯಾಂಡ್ ಬಾಕ್ಸರ್ ಕನೆಲೊ ಅಲ್ವಾರೆಜ್‌ಗೆ ಸೋತಾಗ ವುಲ್ಫ್ ಕರ್ಕ್‌ಲ್ಯಾಂಡ್‌ಗೆ ಕೋಚ್ ಆಗಿರಲಿಲ್ಲ. ಆ ಸೋಲನ್ನು ಸುಮ್ನೆ ವುಲ್ಫ್ ತಲೆಗೆ ಕಟ್ಟುವುದು ಸರಿಯಲ್ಲ, ಅಲ್ವಾ?

ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಕಳಿಸಿದ್ದರೆ ಅಳಿಸಿಬಿಡಿ.